ಅಟ್ಟದ ಪೆಟ್ಟಿಗೆಗೆ ಮಾರ್ದನಿ ಮರಳಿದ್ದು



ಬೋರ್ಡೋ ದ್ರಾವಣಕ್ಕೆ ಸುಣ್ಣ ಎಷ್ಟು, ಮೈಲುತುತ್ತು ಎಷ್ಟು, ಮರಗಸಿ ಯಾವಾಗ ಮಾಡಿಸಬೇಕು, ಚಾಲಿ ಅಡಿಕೆಯನ್ನು ಈಗ ಕೊಡಬೇಕೋ ಇನ್ನೂ ಹಿಡಿದಿಡಬೇಕೋ, ಈ ಪುಟದಲ್ಲಿ ನಾನು ಬರೆಯುವುದು ಇಂಥ ವಿಷಯಗಳನ್ನೇ. ಈ ಸಲ ಗಿಟಾರ್ ಆಂಪ್ಲಿಫಯರ್ ಒಂದರ ರಿಪೇರಿಯ ಬಗ್ಗೆ ಬರೆಯಲು ಕುಳಿತಿದ್ದೇನೆ. ಮಳೆಗಾಲದಲ್ಲಿ ಕಾರ್ಯದರ್ಶಿಗೆ ಕೆಲಸ ಕಡಿಮೆಯಾಯಿತೆಂದು ನೀವು ನಕ್ಕರೆ ನನ್ನದೇನೂ ತಕರಾರಿಲ್ಲ. ಆದರೆ ಕೊನೆಯತನಕ ಓದಿ. ನಿಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್‌ಗೂ ಈ ಕಥೆಗೂ ಸಂಬಂಧವಿದೆ. ಅದಕ್ಕಿಂತ ಹೆಚ್ಚಾಗಿ, ಸಂಘದ ಮುಂದೆ ಇಡಬೇಕೆಂದಿರುವ ಒಂದು ಸಲಹೆಯೂ ಕೊನೆಯಲ್ಲಿದೆ.

ಪೆಟ್ಟಿಗೆ ಬಂದ ಬಗೆ

ನನ್ನ ಅಣ್ಣ 1982ರಲ್ಲಿ ಓದಲೆಂದು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದ. 1986ರಲ್ಲಿ ಅಪ್ಪ ತೀರಿಕೊಂಡಾಗ ಓದು ಮುಗಿಸಿಕೊಂಡು ಬಂದು ತೋಟ ಹಿಡಿದ. ಹಿಂದಿನಿಂದ ಹಡಗಿನಲ್ಲಿ ಬಂದ ಅವನ ಸಾಮಾನಿನಲ್ಲಿ ಪುಸ್ತಕದ ಎರಡು ಟ್ರಂಕುಗಳ ಜೊತೆಗೆ ಒಂದು ಗಿಟಾರು, ಮತ್ತು ಕಪ್ಪು ರೆಕ್ಸಿನ್ ಹೊದಿಸಿದ, ಮುಂದೆ ಬೆಳ್ಳಿ ಬಣ್ಣದ ಬಟ್ಟೆಯ ಒಂದು ಭಾರವಾದ ಪೆಟ್ಟಿಗೆ ಇದ್ದವು. ಪೆಟ್ಟಿಗೆಯ ಮೇಲೆ ‘ಫೆಂಡರ್ ಡಿಲಕ್ಸ್ ರಿವರ್ಬ್’ ಎಂದು ಬರೆದಿತ್ತು. 1960ರ ದಶಕದ ಮಾಲು. ಅಣ್ಣ ಕೊಂಡದ್ದೇ ಹಳೆಯದನ್ನು. ಹನ್ನೆರಡು ಇಂಚಿನ ಒಂದು ಸ್ಪೀಕರ್, ಒಂಬತ್ತು ವಾಲ್ವ್, ಸುಮಾರು 22 ವ್ಯಾಟ್ ಶಕ್ತಿ. ಇಂದಿನ ಲೆಕ್ಕಕ್ಕೆ ಅದು ಏನೂ ಅಲ್ಲ. ಆದರೆ ಸಂಜೆ ಪಲ್ಪರ್ ನಿಂತ ಮೇಲೆ ಅಣ್ಣ ಜಗಲಿಯಲ್ಲಿ ಕುಳಿತು ಒಂದು ತಂತಿ ಮೀಟಿದರೆ ಸಾಲುಮನೆಯವರೆಗೆ ಕೇಳುತ್ತಿತ್ತು.

ಅದರ ವಿಶೇಷ ಎರಡು. ಒಂದು ರಿವರ್ಬ್, ಎಂದರೆ ಮಾರ್ದನಿ. ಗುಡ್ಡದ ನೆತ್ತಿಯಲ್ಲಿ ನಿಂತು ಕೂಗಿದರೆ ಕಣಿವೆ ತಿರುಗಿ ಕೂಗುವುದಿಲ್ಲವೇ, ಅದರ ಚಿಕ್ಕ ರೂಪ. ಇನ್ನೊಂದು ಟ್ರೆಮೊಲೊ, ಗಾಳಿಗೆ ದೀಪದ ಕುಡಿ ಅಲುಗಿದಂತೆ ದನಿ ಒಂದೇ ಲಯದಲ್ಲಿ ಏರಿ ಇಳಿಯುವುದು. ಇವೆರಡೂ ಕೂಡಿದಾಗ ಬರುವ ನಾದವನ್ನು ಅಣ್ಣ ಮಳೆ ನಿಂತ ಮೇಲಿನ ತೋಟದ ಸದ್ದಿಗೆ ಹೋಲಿಸುತ್ತಿದ್ದ. 1991ರ ಹೊಸವರ್ಷದ ರಾತ್ರಿ ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಅವನು ನುಡಿಸಿದ್ದನ್ನು ಯಾರೋ ಕ್ಯಾಸೆಟ್ಟಿಗೆ ತುಂಬಿಕೊಟ್ಟಿದ್ದರು.

ಮುಂದೆ ಕಾಫಿಗೆ ಬೆಲೆ ಬಿದ್ದ ವರ್ಷಗಳು ಬಂದವು, ಅಡಿಕೆಗೆ ಕೊಳೆ ಬಂದ ವರ್ಷಗಳು ಬಂದವು. ಗಿಟಾರು ಗೋಡೆ ಹತ್ತಿತು, ಪೆಟ್ಟಿಗೆ ಅಟ್ಟ ಹತ್ತಿತು. ಅಣ್ಣ ತೀರಿಕೊಂಡ ಮೇಲೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನ ಮಗ ಅದನ್ನು ಇಳಿಸಿ ಒರೆಸಿ ಒಬ್ಬ ರಿಪೇರಿಯವರಲ್ಲಿಗೆ ಕೊಂಡೊಯ್ದ. ಅವರು ನೋಡಿ, “ಮಾರ್ದನಿ ಮತ್ತು ಟ್ರೆಮೊಲೊ ಎರಡೂ ಸತ್ತಿವೆ. ಆ ಎರಡು ಸರ್ಕ್ಯೂಟ್ ಕಿತ್ತು ಹಾಕಿಬಿಡೋಣ, ಬೇಕಿದ್ದರೆ ಹೊರಗೆ ಒಂದು ಡಿಜಿಟಲ್ ಪೆಡಲ್ ಇಟ್ಟುಕೊಳ್ಳಿ. ಇಲ್ಲವಾದರೆ ಇದ್ದ ಹಾಗೆ ನನಗೇ ಕೊಟ್ಟುಬಿಡಿ” ಎಂದರಂತೆ.

ಹುಡುಗ ಪೆಟ್ಟಿಗೆಯನ್ನು ವಾಪಸು ತಂದು ಜಗಲಿಯಲ್ಲಿಟ್ಟ. “ಚಿಕ್ಕಪ್ಪಾ, ಅಪ್ಪ ಮಾತಾಡಿದ್ದು ನನ್ನ ಹತ್ತಿರ ಎಲ್ಲೂ ರೆಕಾರ್ಡ್ ಆಗಿಲ್ಲ. ಇರೋದು ಈ ಕ್ಯಾಸೆಟ್ ಒಂದೇ. ಅದರಲ್ಲಿ ಕೇಳಿಸೋದೇ ಆ ಎರಡು ಸರ್ಕ್ಯೂಟು. ಅದನ್ನ ಕಿತ್ತು ಹಾಕಿದರೆ ಉಳಿಯೋದೇನು?” ಎಂದ.

ನಾನು ಬಿ.ಎಸ್ಸಿ. ಓದಿದ್ದು ಭೌತಶಾಸ್ತ್ರದಲ್ಲಿ. ಓದಿ ಮೂವತ್ತು ವರ್ಷದ ಮೇಲಾಯಿತು. ಆದರೂ ಆ ಮಾತಿಗೆ ‘ಆಗದು’ ಎನ್ನಲು ಬಾಯಿ ಬರಲಿಲ್ಲ.

ಕಿತ್ತಳೆ ತೋಟದ ಮಗ

ಈ ಪೆಟ್ಟಿಗೆ ಮಾಡಿದವರ ಬಗ್ಗೆ ಓದಿದಾಗ ಒಂದು ಸಂಗತಿ ಖುಷಿ ಕೊಟ್ಟಿತು. ಲಿಯೊ ಫೆಂಡರ್ ಹುಟ್ಟಿದ್ದು 1909ರಲ್ಲಿ, ಕ್ಯಾಲಿಫೋರ್ನಿಯಾದ ಅನಹೈಮ್ ಮತ್ತು ಫುಲರ್ಟನ್ ಊರುಗಳ ಸರಹದ್ದಿನಲ್ಲಿ. ತಂದೆತಾಯಿಯದು ಕಿತ್ತಳೆ ತೋಟ. ನಮ್ಮ ಹಾಗೆ ಮಳೆ, ರೋಗ, ಧಾರಣೆ ನೋಡಿ ಬದುಕಿದ ಮನೆಯ ಮಗ. ಓದಿದ್ದು ಲೆಕ್ಕಪತ್ರ, ಹುಚ್ಚು ರೇಡಿಯೋದ್ದು. 1938ರಲ್ಲಿ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಸಂಗೀತಗಾರರು ಕೆಟ್ಟ ಆಂಪ್ಲಿಫಯರ್ ತರುತ್ತಿದ್ದರು. ಅವುಗಳಲ್ಲಿ ಏನು ಕೆಡುತ್ತದೆಂದು ನೋಡಿ ನೋಡಿ, ಕೆಡದ ಹಾಗೆ ಮಾಡುವುದು ಹೇಗೆಂದು ಕಲಿತರು. ಜಗತ್ತಿಗೆಲ್ಲ ಗಿಟಾರ್ ಮಾಡಿಕೊಟ್ಟ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1965ರಲ್ಲಿ ಕಂಪೆನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು, 1991ರಲ್ಲಿ ತೀರಿಕೊಂಡರು.

ರಿಪೇರಿಯವನು ಮಾಡಿದ ವಸ್ತುವಾದ್ದರಿಂದ ಅದನ್ನು ರಿಪೇರಿ ಮಾಡುವುದೂ ಸುಲಭ. ಒಳಗೆ ಪ್ರತಿಯೊಂದು ಭಾಗವೂ ಒಂದು ರಟ್ಟಿನ ಹಲಗೆಯ ಮೇಲೆ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಸಾಲಾಗಿ ಕುಳಿತಿದೆ. ಯಾವ ವಾಲ್ವ್ ಎಲ್ಲಿ ಎಂಬ ಚೀಟಿಯನ್ನು ಪೆಟ್ಟಿಗೆಯ ಒಳಗೇ ಅಂಟಿಸಿದ್ದಾರೆ. ನಮ್ಮದರ ಚೀಟಿಯಲ್ಲಿ ‘ಎಬಿ 763’ ಎಂಬ ಸರ್ಕ್ಯೂಟ್ ಸಂಖ್ಯೆ ಇನ್ನೂ ಓದುವಂತಿತ್ತು. 1963ರಲ್ಲಿ ರೂಪುಗೊಂಡ ಈ ಸರ್ಕ್ಯೂಟಿನ ನಕ್ಷೆ ಇಂದು ಯಾರಿಗೆ ಬೇಕಾದರೂ ಸಿಗುತ್ತದೆ.

ಆದರೆ ನಕ್ಷೆ ಓದುವುದು ಬೇರೆ, ಬೆಸುಗೆ ಹಾಕುವುದು ಬೇರೆ. ಅದಕ್ಕೆ ನಮ್ಮ ಪೇಟೆಯ ರೇಡಿಯೋ ಮೇಷ್ಟ್ರ ಮನೆಗೆ ಹೋದೆ. ನಿಮ್ಮಲ್ಲಿ ಐವತ್ತು ದಾಟಿದವರೆಲ್ಲ ಅವರ ಅಂಗಡಿಯ ಮುಂದೆ ಕ್ರಿಕೆಟ್ ಕಾಮೆಂಟರಿ ಕೇಳಿದವರೇ. ಈಗ ವಯಸ್ಸು 78. ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಆದರೆ ಮಂಚದ ಕೆಳಗಿನ ಟ್ರಂಕಿನಲ್ಲಿ ಬೆಂಗಳೂರು ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ ರೇಡಿಯೋಗಳಿಗೆಂದು ಮಾಡುತ್ತಿದ್ದ ವಾಲ್ವ್‌ಗಳು ರಟ್ಟಿನ ಡಬ್ಬಿ ಸಮೇತ ಇದ್ದವು. ನಾನು ಅಮೆರಿಕದ ವಾಲ್ವ್ ನಂಬರು ಹೇಳಿದೆ. “12 ಎ ಎಕ್ಸ್ 7 ಅಂದ್ರೆ ನಮ್ಮ ಇ.ಸಿ.ಸಿ. 83. 12 ಎ ಟಿ 7 ಅಂದ್ರೆ ಇ.ಸಿ.ಸಿ. 81. ಹೆಸರು ಬೇರೆ, ಗೋತ್ರ ಒಂದೇ ಸೆಕ್ರೆಟ್ರಿಗಳೇ. ತನ್ನಿ ನೋಡೋಣ” ಎಂದರು.

ಮೊದಲು ಪ್ರಾಣ, ಆಮೇಲೆ ಪಾಠ

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ವಾಲ್ವ್ ಆಂಪ್ಲಿಫಯರಿನ ಒಳಗೆ 400 ವೋಲ್ಟಿಗೂ ಮೀರಿದ ಡಿ.ಸಿ. ವಿದ್ಯುತ್ತಿರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಹೊಡೆದರೆ ಎರಡನೆಯ ಮಾತಿಲ್ಲ. ಮೇಷ್ಟ್ರು ಒಂದು ಲಕ್ಷ ಓಮಿನ, 2 ವ್ಯಾಟಿನ ರೆಸಿಸ್ಟರಿಗೆ ಒಳ್ಳೆಯ ಇನ್ಸುಲೇಶನ್ ಇರುವ ವೈರು ಜೋಡಿಸಿ, ಅದನ್ನು ಕಂಡೆನ್ಸರಿಗೂ ಚಾಸಿಗೂ ನಡುವೆ ಒಂದು ನಿಮಿಷ ಹಿಡಿದು, ಆಮೇಲೆ ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಿದರು. ಅದೂ ಒಂದೇ ಕೈ. ಇನ್ನೊಂದು ಕೈ ಜೇಬಿನಲ್ಲಿ. ಎರಡೂ ಕೈ ಒಳಗಿದ್ದರೆ ವಿದ್ಯುತ್ತು ಹೃದಯದ ಮೇಲೆ ಹಾದುಹೋಗಲು ದಾರಿಯಾಗುತ್ತದೆ. ಈ ಕೆಲಸ ಗೊತ್ತಿರುವವರು ಪಕ್ಕದಲ್ಲಿಲ್ಲದೆ ಯಾರೂ ಇಂಥ ಪೆಟ್ಟಿಗೆ ಬಿಚ್ಚಬೇಡಿ.

ಎರಡನೆಯದು, ಇದು 117 ವೋಲ್ಟಿನ ಅಮೆರಿಕದ ಯಂತ್ರ. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಆ ಕ್ಷಣವೇ ಮುಗಿಯಿತು. ಅಣ್ಣ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಟ್ಟಿಸಿಟ್ಟಿದ್ದ. ಅದು 110 ವೋಲ್ಟ್ ಕೊಡುತ್ತದೆ. ಸ್ವಲ್ಪ ಕಡಿಮೆ ಇರುವುದೇ ಕ್ಷೇಮ, ಏಕೆಂದರೆ ಅಲ್ಲಿಯ ವಿದ್ಯುತ್ತು 60 ಸೈಕಲ್ಲಿನದು, ನಮ್ಮದು 50. ಅದರಿಂದ ಒಳಗಿನ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ.

ಮೂರನೆಯದು ಅರ್ಥಿಂಗ್. ಹಳೆಯ ಪ್ಲಗ್ಗಿಗೆ ಎರಡೇ ಕಾಲು; ಕರೆಂಟಿನ ತಂತಿಯಿಂದ ಚಾಸಿಗೆ ಒಂದು ಕಂಡೆನ್ಸರ್ ಬೇರೆ. ಅದು ಸೋರಿದರೆ ಗಿಟಾರಿನ ತಂತಿ ಮುಟ್ಟಿದವನಿಗೆ ಷಾಕು. ಆ ಕಂಡೆನ್ಸರನ್ನು ತೆಗೆದು, ಮೂರು ಕಾಲಿನ ಪ್ಲಗ್ ಹಾಕಿ, ಅರ್ಥ್ ತಂತಿಯನ್ನು ಗೋಡೆಯಿಂದ ಚಾಸಿಯವರೆಗೆ ಕಡಿಯದಂತೆ ಎಳೆದೆವು. ಮನೆಯ ಅರ್ಥ್ ಗುಂಡಿಗೆ ಉಪ್ಪು ಇದ್ದಿಲು ಹಾಕಿ ನೀರು ಹೊಯ್ದು ಎಷ್ಟು ವರ್ಷವಾಗಿತ್ತೆಂದು ಕೇಳಬೇಡಿ. ನಿಮ್ಮ ಪಂಪ್‌ಹೌಸಿನದನ್ನೂ ಒಮ್ಮೆ ನೋಡಿಕೊಳ್ಳಿ.

ಬಹಳ ವರ್ಷ ಮಲಗಿದ ಯಂತ್ರವಾದ್ದರಿಂದ ಒಣಗಿದ ದೊಡ್ಡ ಕಂಡೆನ್ಸರುಗಳನ್ನು ಮೊದಲೇ ಬದಲಿಸಿದೆವು. ಮೊದಲ ಸಲ ಹಚ್ಚುವಾಗ 100 ವ್ಯಾಟಿನ ಹಳೆಯ ತಂತಿ ಬಲ್ಬೊಂದನ್ನು ಕರೆಂಟಿನ ದಾರಿಯಲ್ಲಿ ಸರಣಿಯಾಗಿ ಸೇರಿಸಿದರು ಮೇಷ್ಟ್ರು. ಒಳಗೆ ಷಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ನಮ್ಮ ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಆರಿದ್ರಾ ಮಳೆ ಹೊರಗೆ ಸುರಿಯುತ್ತಿತ್ತು. ಸ್ಪೀಕರಿನಿಂದ ಸಣ್ಣಗೆ ‘ಹೂಂ’ ಎಂಬ ಸದ್ದು ಬಂತು. ಹುಡುಗ ಗಿಟಾರ್ ಮೀಟಿದ, ದನಿ ಬಂತು. ಬೋಳು ದನಿ. ಮಾರ್ದನಿಯೂ ಇಲ್ಲ, ಏರಿಳಿತವೂ ಇಲ್ಲ.

ಡಬ್ಬಿಯೊಳಗಿನ ಕಣಿವೆ

ಮಾರ್ದನಿ ಹುಟ್ಟುವುದು ಪೆಟ್ಟಿಗೆಯ ತಳದಲ್ಲಿರುವ ಒಂದು ತಗಡಿನ ಡಬ್ಬಿಯಲ್ಲಿ. ಉದ್ದ ಒಂದು ಅಡಿ ಐದು ಇಂಚಿನಷ್ಟು. ಅದರೊಳಗೆ ಕೂದಲಿನಂಥ ತಂತಿಯ ಎರಡು ಸ್ಪ್ರಿಂಗುಗಳು ಉದ್ದಕ್ಕೆ ತೂಗುತ್ತವೆ. ಉದ್ದ ಉದ್ದದ ಟೆಲಿಫೋನ್ ಲೈನುಗಳಲ್ಲಿ ದನಿ ತಡವಾಗುವುದನ್ನು ಪ್ರಯೋಗಶಾಲೆಯಲ್ಲೇ ಪರೀಕ್ಷಿಸಲು ಅಮೆರಿಕದ ಬೆಲ್ ಪ್ರಯೋಗಾಲಯದವರು ಸ್ಪ್ರಿಂಗ್ ಬಳಸಿದ್ದರು. ಆರ್ಗನ್ ವಾದ್ಯ ಮಾಡುತ್ತಿದ್ದ ಲಾರೆನ್ಸ್ ಹ್ಯಾಮಂಡ್ ಅದನ್ನು ಸಂಗೀತಕ್ಕೆ ತಂದರು. ಚರ್ಚಿನ ಎತ್ತರದ ಚಾವಣಿಯ ಕೆಳಗೆ ಮೊಳಗುವ ಆರ್ಗನ್ ಸಾಧಾರಣ ಮನೆಯ ಕೋಣೆಯಲ್ಲಿ ಸಪ್ಪೆಯಾಗುತ್ತಿತ್ತು. ಆ ಕೊರತೆಗೆ ಸ್ಪ್ರಿಂಗು ಪರಿಹಾರ. ಫೆಂಡರ್ ಕಂಪೆನಿ 1961ರಲ್ಲಿ ಮಾರ್ದನಿಯ ಪ್ರತ್ಯೇಕ ಪೆಟ್ಟಿಗೆ ತಂದಿತು, 1963ರಲ್ಲಿ ಆಂಪ್ಲಿಫಯರಿನ ಒಳಗೇ ಅದನ್ನು ಕೂರಿಸಿತು.

ಕೆಲಸದ ಕ್ರಮ ಹೀಗೆ. ಗಿಟಾರಿನ ದನಿಯ ಒಂದು ಪಾಲನ್ನು ಮೂರನೆಯ ವಾಲ್ವ್ ಬಲಪಡಿಸಿ, ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ ಡಬ್ಬಿಯ ಒಂದು ತುದಿಯ ಸುರುಳಿಗೆ ಕೊಡುತ್ತದೆ. ಸುರುಳಿಯ ಬಳಿ, ಸ್ಪ್ರಿಂಗಿನ ತುದಿಯಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಅಯಸ್ಕಾಂತವಿದೆ. ಅದು ನಡುಗುತ್ತದೆ, ನಡುಕ ಸ್ಪ್ರಿಂಗಿನುದ್ದಕ್ಕೂ ಹರಿದು ಆಚೆ ತುದಿ ಮುಟ್ಟುತ್ತದೆ, ಅಲ್ಲಿಂದ ತಿರುಗಿ ಬರುತ್ತದೆ, ಮತ್ತೆ ಹೋಗುತ್ತದೆ. ಹೀಗೆ ಓಡಾಡಿ ಒಂದೆರಡು ಸೆಕೆಂಡಿನಲ್ಲಿ ಕ್ಷೀಣಿಸುತ್ತದೆ. ಆಚೆ ತುದಿಯ ಸುರುಳಿಯಲ್ಲಿ ಹುಟ್ಟುವ ಕೆಲವೇ ಮಿಲಿವೋಲ್ಟನ್ನು ನಾಲ್ಕನೆಯ ವಾಲ್ವಿನ ಅರ್ಧಭಾಗ ಎತ್ತಿಕೊಂಡು ಮೂಲ ದನಿಯೊಡನೆ ಬೆರೆಸುತ್ತದೆ. ಎರಡು ಸ್ಪ್ರಿಂಗಿನ ವೇಗ ಒಂದೇ ಇರುವುದಿಲ್ಲ. ಇದ್ದರೆ ಬಾವಿಗೆ ಕೂಗಿದಂತೆ ಒಂದೇ ಹದದ ಪ್ರತಿಧ್ವನಿ ಬಂದೀತು.

ಮೇಷ್ಟ್ರು ಮಾಡಿದ ಮೊದಲ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ. ರಿವರ್ಬ್ ಗುಂಡಿಯನ್ನು ಏರಿಸಿ ಪೆಟ್ಟಿಗೆಯ ಪಕ್ಕಕ್ಕೆ ಅಂಗೈಯಿಂದ ಮೆತ್ತಗೆ ತಟ್ಟಿದರು. ಸ್ಪೀಕರಿನಲ್ಲಿ ಗುಡುಗು ಉರುಳಿದಂತಾಯಿತು. “ಸ್ಪ್ರಿಂಗಿಂದ ಈಚೆಗೆಲ್ಲ ಸರಿಯಾಗಿದೆ. ತೊಂದರೆ ಆಚೆಗೆ” ಎಂದರು. ಗುಡುಗು ಬಾರದಿದ್ದರೆ ಡಬ್ಬಿಯಿಂದ ಬರುವ ಕೇಬಲ್, ಆ ತುದಿಯ ಸುರುಳಿ, ನಾಲ್ಕನೆಯ ವಾಲ್ವ್ ಇವನ್ನು ನೋಡಬೇಕಿತ್ತು. ಒಂದು ಏಟಿಗೆ ಅರ್ಧ ಸರ್ಕ್ಯೂಟ್ ಹುಡುಕುವುದು ತಪ್ಪಿತು. ಮೋಟಾರು ತಿರುಗದಿದ್ದಾಗ ನಾವು ಮೊದಲು ಸ್ಟಾರ್ಟರಿನವರೆಗೆ ಕರೆಂಟು ಬಂದಿದೆಯೇ ಎಂದು ನೋಡುವುದಿಲ್ಲವೇ, ಅದೇ ನ್ಯಾಯ.

ಯಂತ್ರ ಆರಿಸಿ ಡಬ್ಬಿ ಹೊರತೆಗೆದೆವು. ಅದು ಕುಳಿತಿದ್ದ ಚೀಲವನ್ನು ಇಲಿ ಕಡಿದಿತ್ತು, ಬೂಷ್ಟು ಹಿಡಿದಿತ್ತು. ಮೀಟರಿನಲ್ಲಿ ಆಚೆ ತುದಿಯ ಸುರುಳಿ ಸುಮಾರು 200 ಓಮ್ ತೋರಿಸಿತು; ಸರಿ. ಈಚೆ ತುದಿಯದು ಒಂದು ಓಮಿಗೂ ಕಡಿಮೆ ತೋರಿಸಬೇಕು. ಮೀಟರು ಏನನ್ನೂ ತೋರಿಸಲಿಲ್ಲ. ದಾರಿ ಕಡಿದಿದೆ. ಮುಚ್ಚಳ ತೆಗೆದು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದಾಗ, ಸಾಕೆಟ್ಟಿನಿಂದ ಸುರುಳಿಗೆ ಹೋಗುವ ಎಳೆ ವೈರು ಬೆಸುಗೆಯ ಬುಡದಲ್ಲಿ ಹಸಿರು ಕಿಲುಬು ಹಿಡಿದು ತುಂಡಾಗಿತ್ತು. ನಮ್ಮ ಮಳೆಗಾಲಗಳ ಕೆಲಸ. ಸುರುಳಿಗೆ ಏನೂ ಆಗಿರಲಿಲ್ಲ. ಕಿಲುಬು ಕೆರೆದು, ವೈರಿನ ತುದಿ ಹೊಸದಾಗಿ ಸುಲಿದು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬೆಸುಗೆ ಹಾಕಿದರು. ಹೆಚ್ಚು ಹೊತ್ತು ಶಾಖ ಕೊಟ್ಟರೆ ಸುರುಳಿಯೇ ಸುಡುತ್ತದೆ. 78ರ ಕೈ ನಡುಗಲಿಲ್ಲ. ಟಾರ್ಚು ಹಿಡಿದಿದ್ದ ನನ್ನ ಕೈಯೇ ನಡುಗಿತು.

ಮಾರ್ದನಿ ಬಂತು, ಆದರೆ ಬಡಕಲಾಗಿ. ಕ್ಯಾಸೆಟ್ ಹಾಕಿ ಹೋಲಿಸಿದೆವು, ಹತ್ತಿರವೂ ಇಲ್ಲ. ಇಲ್ಲಿ ಮೇಷ್ಟ್ರ ಎರಡನೆಯ ಉಪಾಯ. ಈ ಆಂಪ್ಲಿಫಯರಿನಲ್ಲಿ ಹಿಂದಿನಿಂದ ನೋಡಿದಾಗ ಬಲಗಡೆಯಿಂದ ಮೂರನೆಯದೂ ಆರನೆಯದೂ ಒಂದೇ ಜಾತಿಯ ವಾಲ್ವ್, 12 ಎ ಟಿ 7. ಆರಿಸಿ, ಆರಲು ಬಿಟ್ಟು, ಅವೆರಡನ್ನು ಅದಲುಬದಲು ಮಾಡಿದರು. ಈಗ ಮಾರ್ದನಿ ತುಂಬಿ ಬಂತು, ಒಟ್ಟು ದನಿ ಮಾತ್ರ ಸೊರಗಿತು. ರೋಗ ವಾಲ್ವಿನ ಜೊತೆ ಜಾಗ ಬದಲಿಸಿತು ಎಂದಮೇಲೆ ರೋಗಿ ಯಾರೆಂದು ಕೇಳಬೇಕೇ? ಟ್ರಂಕಿನಿಂದ ಒಂದು ಇ.ಸಿ.ಸಿ. 81 ಹಾಕಿದೆವು. ಮೊದಲ ತಂತಿಗೇ ಹುಡುಗ ತಲೆಯೆತ್ತಿ ನೋಡಿದ. ಯಾರೂ ಮಾತಾಡಲಿಲ್ಲ.

ಟೆಸ್ಟರಿನ ದೀಪ, ಬೀದಿದೀಪದ ಕಣ್ಣು

ಟ್ರೆಮೊಲೊ ಇಷ್ಟು ಸುಲಭವಾಗಿ ಒಲಿಯಲಿಲ್ಲ. ಅಂದ ಹಾಗೆ, ಪೆಟ್ಟಿಗೆಯ ಮೇಲೆ ಅದರ ಹೆಸರು ‘ವೈಬ್ರಾಟೊ’ ಎಂದಿದೆ. ವೈಬ್ರಾಟೊ ಎಂದರೆ ಸ್ವರವೇ ಮೇಲೆ ಕೆಳಗೆ ಆಗುವುದು. ಇಲ್ಲಿ ಆಗುವುದು ಸದ್ದಿನ ಏರಿಳಿತ ಮಾತ್ರ, ಅಂದರೆ ಟ್ರೆಮೊಲೊ. ತಮಾಷೆಯೆಂದರೆ ಇದೇ ಕಂಪೆನಿ 1954ರ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಸ್ವರ ಜಗ್ಗುವ ಹಿಡಿಕೆಗೆ ‘ಟ್ರೆಮೊಲೊ’ ಎಂದು ಹೆಸರಿಟ್ಟಿತ್ತು. ಎರಡೂ ಹೆಸರು ಅದಲುಬದಲಾಗಿ ಹಾಗೆಯೇ ನಿಂತಿವೆ.

ನಾವು ಎರಡು ದಿನ ಒಂದು ಮೂರ್ಖತನದಲ್ಲಿ ಕಳೆದೆವು. ಅದನ್ನು ಮುಚ್ಚಿಡದೆ ಹೇಳುತ್ತೇನೆ. ಈ ಸರ್ಕ್ಯೂಟನ್ನು ಕಾಲಿನ ಸ್ವಿಚ್ಚಿನಿಂದ ನಡೆಸುವುದು. ಮಾರ್ದನಿಗೆ ಸ್ವಿಚ್ಚು ಇಲ್ಲದಿದ್ದರೂ ನಡೆಯುತ್ತದೆ. ಟ್ರೆಮೊಲೊ ಹಾಗಲ್ಲ, ಸ್ವಿಚ್ಚು ಒಂದು ತಂತಿಯನ್ನು ಚಾಸಿಗೆ ಸೇರಿಸಿದಾಗಲೇ ಅದು ಏಳುವುದು, ಇಲ್ಲವಾದರೆ ಒಂದು ಋಣ ವೋಲ್ಟೇಜು ಅದನ್ನು ಮಲಗಿಸಿಟ್ಟಿರುತ್ತದೆ. ಅಣ್ಣನ ಕಾಲಿನ ಸ್ವಿಚ್ಚು ಎಂದೋ ಕಳೆದುಹೋಗಿತ್ತು. ನಾವು ಮಲಗಿದವನ ನಾಡಿ ಹಿಡಿದು ಸತ್ತಿದ್ದಾನೆಂದು ಅಳುತ್ತಿದ್ದೆವು! ನಕ್ಷೆಯನ್ನು ಮತ್ತೊಮ್ಮೆ ಓದಿದಾಗ ಹೊಳೆಯಿತು. ಹಳೆಯ ಆಡಿಯೋ ಪ್ಲಗ್ಗೊಂದರ ನಡುಕಡ್ಡಿಗೂ ಹೊರಬಳೆಗೂ ಸೇರಿಸಿ ಬೆಸುಗೆ ಹಾಕಿ ಹಿಂದಿನ ಸಾಕೆಟ್ಟಿಗೆ ಚುಚ್ಚಿದೆವು. ಬೆಂಗಳೂರಿನವರು ‘ಸತ್ತಿದೆ’ ಎಂದಾಗ ಅವರೂ ಇದನ್ನು ನೋಡಿದ್ದರೋ ಇಲ್ಲವೋ.

ಚುಚ್ಚಿದ ಮೇಲೂ ಏಳಲಿಲ್ಲ. ಎಂದರೆ ನಿಜವಾದ ರೋಗವೂ ಇತ್ತು.

ಒಳಗಿನ ವ್ಯವಸ್ಥೆ ಬಹಳ ಚೆನ್ನಾಗಿದೆ. ಐದನೆಯ ವಾಲ್ವಿನ ಅರ್ಧಭಾಗ ಮೂರು ಸಣ್ಣ ಕಂಡೆನ್ಸರುಗಳ ಸಹಾಯದಿಂದ ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುವ ನಾಯಿಯಂತೆ ಸುತ್ತುತ್ತದೆ, ಸೆಕೆಂಡಿಗೆ ಕೆಲವೇ ಸುತ್ತು. ವೇಗ ಬದಲಿಸಲು ಒಂದು ಗುಂಡಿ. ಉಳಿದರ್ಧ ಆ ತಾಳಕ್ಕೆ ಸರಿಯಾಗಿ ಒಂದು ಪುಟ್ಟ ನಿಯಾನ್ ದೀಪವನ್ನು ಮಿಣುಕಿಸುತ್ತದೆ. ದೀಪದ ಎದುರಿಗೆ ಬೆಳಕಿಗೆ ಸ್ಪಂದಿಸುವ ಒಂದು ರೆಸಿಸ್ಟರ್, ಎಲ್.ಡಿ.ಆರ್. ಎಂದು ಕರೆಯುವುದು. ಕತ್ತಲಲ್ಲಿ ಅದು ವಿದ್ಯುತ್ತನ್ನು ಬಿಡುವುದೇ ಇಲ್ಲ. ಬೆಳಕು ಬಿದ್ದರೆ ದಾರಿ ಬಿಡುತ್ತದೆ. ದೀಪ ಹೊತ್ತಿದಾಗ ದನಿಯ ಒಂದು ಪಾಲು ಆ ದಾರಿಯಲ್ಲಿ ಸೋರಿಹೋಗಿ ಸದ್ದು ತಗ್ಗುತ್ತದೆ, ಆರಿದಾಗ ಏರುತ್ತದೆ. ಹೊರಗಿನ ಬೆಳಕು ಬೀಳದಂತೆ ಎರಡನ್ನೂ ಒಂದು ಕರಿ ಕೊಳವೆಯಲ್ಲಿ ಸುತ್ತಿರುತ್ತಾರೆ. ನಿಮ್ಮ ಜೇಬಿನ ಟೆಸ್ಟರಿನಲ್ಲಿ ಹೊತ್ತುವುದು ಅದೇ ಜಾತಿಯ ದೀಪ. ಸಂಜೆಯಾದೊಡನೆ ತಾನೇ ಹೊತ್ತುವ ಬೀದಿದೀಪಗಳಲ್ಲಿ ಕಣ್ಣಾಗಿ ಕೆಲಸ ಮಾಡುತ್ತಿದ್ದುದು ಅದೇ ಜಾತಿಯ ರೆಸಿಸ್ಟರು.

ಮೇಷ್ಟ್ರು ಐದನೆಯ ವಾಲ್ವ್ ಬದಲಿಸಿ ನೋಡಿದರು, ಪ್ರಯೋಜನವಿಲ್ಲ. ಆಮೇಲೆ ತಮ್ಮ ಹಳೆಯ ಮುಳ್ಳಿನ ಮೀಟರನ್ನು ಆ ವಾಲ್ವಿನ ಪ್ಲೇಟಿಗೆ ಹಿಡಿದರು. ಸುತ್ತು ನಡೆಯುತ್ತಿದ್ದರೆ ಮುಳ್ಳು ತೊಟ್ಟಿಲಿನಂತೆ ತೂಗಬೇಕು. ಅದು ಅಲುಗಲಿಲ್ಲ. ಹುಡುಗನ ಡಿಜಿಟಲ್ ಮೀಟರು ಒಳ್ಳೆಯದೇ, ಆದರೆ ತೂಗಾಟ ನೋಡಲು ಮುಳ್ಳಿನಷ್ಟು ಅನುಕೂಲವಲ್ಲ. ಆರಿಸಿ, ವಿದ್ಯುತ್ತು ಬಸಿದು, ಮೂರು ಕಂಡೆನ್ಸರುಗಳ ಒಂದೊಂದು ಕಾಲನ್ನು ಎತ್ತಿ ಪರೀಕ್ಷಿಸಿದಾಗ ಒಂದು ಕಂಡೆನ್ಸರು ಡಿ.ಸಿ.ಯನ್ನು ಸೋರಿಸುತ್ತಿತ್ತು. ಕಂಡೆನ್ಸರಿನ ಧರ್ಮ ಡಿ.ಸಿ.ಯನ್ನು ತಡೆಯುವುದು, ತಡೆಯದಿದ್ದರೆ ಮುಂದಿನವರ ಲೆಕ್ಕವೆಲ್ಲ ತಪ್ಪುತ್ತದೆ. ಒಂದು 0.02, ಎರಡು 0.01 ಮೈಕ್ರೋಫ್ಯಾರಡಿನವು, ಮೂರನ್ನೂ ಬದಲಿಸಿದೆವು. ಪಕ್ಕದಲ್ಲೇ ಒಣಗಿದ್ದ ಒಂದು ಎಲೆಕ್ಟ್ರೊಲೈಟಿಕ್ ಕಂಡೆನ್ಸರನ್ನೂ ಬದಲಿಸಿದೆವು. ಈಗ ಮುಳ್ಳು ತೂಗಿತು. ಹುಡುಗ ಚಪ್ಪಾಳೆ ಹೊಡೆದ.

ದನಿ ಮಾತ್ರ ತೂಗಲಿಲ್ಲ! ಮುಳ್ಳು ತೂಗುತ್ತಿದೆ, ದನಿ ತೂಗುತ್ತಿಲ್ಲ ಎಂದರೆ ಉಳಿದದ್ದು ಕರಿ ಕೊಳವೆ ಒಂದೇ. ಅದನ್ನು ಬಿಚ್ಚಿ ಸೀಳಿ ನೋಡಿದರೆ ದೀಪದ ಗಾಜಿನ ಒಳಮೈ ಲಾಂದ್ರದ ಚಿಮಣಿಯಂತೆ ಕಪ್ಪಾಗಿತ್ತು. ನಿಯಾನ್ ದೀಪ ಹಳತಾದಂತೆ ಹೀಗಾಗುವುದು ಸಹಜ. ಹೊಸ ದೀಪ, ಹೊಸ ಎಲ್.ಡಿ.ಆರ್. ಎರಡನ್ನೂ ಹುಡುಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ, ಎರಡಕ್ಕೂ ಕೂಡಿ ಒಂದು ದೋಸೆ ಕಾಫಿಯ ಬೆಲೆಯೂ ಆಗಲಿಲ್ಲ. ಮುಖಕ್ಕೆ ಮುಖ ಕೊಟ್ಟು ಕೂರಿಸಿ, ಬಿಸಿಗೆ ಬಿಗಿಯುವ ಕರಿ ಕೊಳವೆ ತೊಡಿಸಿ, ಎರಡು ತುದಿಯನ್ನೂ ಬೆಳಕು ನುಸುಳದಂತೆ ಮುಚ್ಚಿದೆವು.

ದನಿ ಉಸಿರಾಡಲು ತೊಡಗಿತು. ಆದರೆ ಅದರ ಜೊತೆಗೆ ಗಡಿಯಾರದಂತೆ ‘ಟಿಕ್ ಟಿಕ್’. ದೀಪ ಒಮ್ಮೆಲೇ ಹೊತ್ತಿ ಆರುವಾಗಿನ ಎಳೆತ ಪಕ್ಕದ ದನಿಯ ವೈರಿಗೆ ತಗಲುತ್ತಿತ್ತು. ರಿಪೇರಿಯ ಗಡಿಬಿಡಿಯಲ್ಲಿ ನಾನೇ ಎರಡು ವೈರುಗಳನ್ನು ಒತ್ತಿ ಜೋಡಿಸಿದ್ದೆ. ಮೇಷ್ಟ್ರು ಒಂದು ಒಣ ಬಿದಿರು ಕಡ್ಡಿಯಿಂದ ಅವನ್ನು ಅರ್ಧ ಇಂಚು ದೂರ ಸರಿಸಿದರು. ಟಿಕ್ ಟಿಕ್ ನಿಂತಿತು.

ಅತ್ತಿಗೆಯ ಮಾತು

ಅಂದು ಸಂಜೆ ಮಳೆ ಹೊಳವಾಗಿತ್ತು. ಹುಡುಗ ಜಗಲಿಯಲ್ಲಿ, ಅವನಪ್ಪ ಕೂರುತ್ತಿದ್ದ ಜಾಗದಲ್ಲೇ, ಕ್ಯಾಸೆಟ್ಟಿನಲ್ಲಿದ್ದ ಧಾಟಿಯನ್ನು ನುಡಿಸತೊಡಗಿದ. ಅಪ್ಪನಷ್ಟು ಕೈಚಳಕ ಇಲ್ಲ, ಅಲ್ಲಲ್ಲಿ ತಪ್ಪಿದ. ಒಳಗೆ ಅಕ್ಕಿ ಕೇರುತ್ತಿದ್ದ ಅತ್ತಿಗೆ ಮೊರ ಕೆಳಗಿಟ್ಟು ಬಂದು ಬಾಗಿಲಿನಲ್ಲಿ ನಿಂತರು. ಸ್ವಲ್ಪ ಹೊತ್ತು ಕೇಳಿ, “ಆ ಎರಡನೇ ಗುಂಡಿ ಇನ್ನೂ ಚೂರು ಹಿಂದಕ್ಕೆ ತಿರುಗಿಸು ಮಗಾ. ಅವರು ಇಷ್ಟು ಬೇಗ ಇಡುತ್ತಿರಲಿಲ್ಲ” ಎಂದರು.

ಹುಡುಗ ತಿರುಗಿಸಿದ. ಅದೇ ಸರಿಯಾದ ಜಾಗ. ಕ್ಯಾಸೆಟ್ ಹಾಕಿ ಹೋಲಿಸುವ ಅಗತ್ಯವೇ ಬೀಳಲಿಲ್ಲ. ಸರ್ಕ್ಯೂಟಿನ ನಕ್ಷೆ ನನ್ನ ಕೈಯಲ್ಲಿತ್ತು, ವಾಲ್ವ್ ಮೇಷ್ಟ್ರ ಟ್ರಂಕಿನಲ್ಲಿತ್ತು. ಆ ಗುಂಡಿ ಎಲ್ಲಿ ನಿಲ್ಲಬೇಕೆಂಬುದು ಇದ್ದದ್ದು ಅತ್ತಿಗೆಯ ಕಿವಿಯಲ್ಲಿ.

ಸಂಘದ ಮುಂದಿಡುವ ಸಲಹೆ

ನಾಲ್ಕು ವಾರದ ಈ ಕೆಲಸದಿಂದ ನಾನು ಕಲಿತದ್ದನ್ನು ನಿಮ್ಮ ಪಂಪು, ಸ್ಪ್ರೇಯರು, ಪಲ್ಪರುಗಳಿಗೂ ಅನ್ವಯಿಸಿಕೊಳ್ಳಬಹುದು:

1. ಬಿಚ್ಚುವ ಮೊದಲು ಸ್ವಿಚ್ಚು, ಪ್ಲಗ್ಗು, ವೈರು ನೋಡಿ. ಅರ್ಧ ರೋಗ ಹೊರಗೇ ಇರುತ್ತದೆ.

2. ಯಂತ್ರವನ್ನು ಮನಸ್ಸಿನಲ್ಲಿ ಎರಡು ಭಾಗ ಮಾಡಿ, ಯಾವ ಭಾಗ ಸರಿಯಿದೆ ಎಂದು ಮೊದಲು ತಿಳಿಯಿರಿ.

3. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

4. ‘ಎಲ್ಲ ಹೋಗಿದೆ, ಹೊಸದು ತಗೊಳ್ಳಿ’ ಎನ್ನುವವರಿಗೆ ‘ಏನು ಹೋಗಿದೆ, ತೋರಿಸಿ’ ಎಂದು ವಿನಯದಿಂದ ಕೇಳಿ.

5. ಕರೆಂಟಿನ ಮುಂದೆ ಧೈರ್ಯ ತೋರಿಸಬೇಡಿ.

ಇನ್ನು ಸಲಹೆಯ ಮಾತು. ಮೇಷ್ಟ್ರಿಗೆ ಶಿಷ್ಯರಿಲ್ಲ. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ; “ಹತ್ತು ವರ್ಷದಿಂದ ಯಾರೂ ನನ್ನನ್ನ ಏನೂ ಕೇಳಿರಲಿಲ್ಲ ಸೆಕ್ರೆಟ್ರಿಗಳೇ” ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಊರುಗಳಲ್ಲಿ ಮೋಟಾರು ಸುತ್ತುವವರು, ಸ್ಪ್ರೇಯರಿನ ವಾಷರ್ ಕತ್ತರಿಸುವವರು, ಪಲ್ಪರಿನ ತಗಡಿಗೆ ಹಲ್ಲು ಹೊಡೆಯುವವರು ಒಬ್ಬೊಬ್ಬರಾಗಿ ಮುದುಕರಾಗುತ್ತಿದ್ದಾರೆ. ಅವರ ಕೈಯಲ್ಲಿರುವುದು ಯಾವ ನಕ್ಷೆಯಲ್ಲೂ ಇಲ್ಲ.

ನಮ್ಮ ಗೋದಾಮಿನ ಪೂರ್ವದ ಕೋಣೆ ಕೊಯ್ಲಿನ ಕಾಲ ಬಿಟ್ಟರೆ ಖಾಲಿ ಬಿದ್ದಿರುತ್ತದೆ. ಅಲ್ಲಿ ಒಂದು ಉದ್ದ ಮೇಜು, ಒಳ್ಳೆಯ ಬೆಳಕು, ಸರಿಯಾದ ಅರ್ಥಿಂಗ್, ಎರಡು ಮೀಟರು, ಎರಡು ಸಾಲ್ಡ್ರಿಂಗ್ ಐರನ್ ಇಟ್ಟು, ತಿಂಗಳಿಗೊಂದು ಭಾನುವಾರ ‘ರಿಪೇರಿ ದಿನ’ ನಡೆಸಬಹುದೆಂದು ನನ್ನ ನಮ್ರ ಅಭಿಪ್ರಾಯ. ಸದಸ್ಯರು ಕೆಟ್ಟ ಸಾಮಾನು ತರಲಿ, ಸದಸ್ಯರ ಮಕ್ಕಳು ಪಕ್ಕದಲ್ಲಿ ಕುಳಿತು ಕಲಿಯಲಿ. ಮೇಷ್ಟ್ರು ಬರಲು ಒಪ್ಪಿದ್ದಾರೆ. ಮಧ್ಯಾಹ್ನ ಒಂದು ಗಂಟೆ ಮಲಗಲು ಬೆಂಚು ಬೇಕೆಂಬುದು ಅವರ ಒಂದೇ ಷರತ್ತು. ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸುತ್ತೇನೆ. ನಿಮ್ಮ ಅಭಿಪ್ರಾಯವನ್ನು, ಮುಖ್ಯವಾಗಿ ವಿರೋಧ ಅಭಿಪ್ರಾಯವನ್ನು, ಕಚೇರಿಗೆ ಬರೆದು ತಿಳಿಸಿ.

ಪೆಟ್ಟಿಗೆ ಈಗ ಅಟ್ಟಕ್ಕೆ ಹೋಗಿಲ್ಲ. ಜಗಲಿಯ ಒಣ ಮೂಲೆಯಲ್ಲಿದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹಚ್ಚಿ ಬೆಚ್ಚಗೆ ಮಾಡುವ ಕೆಲಸವನ್ನು ಅತ್ತಿಗೆ ವಹಿಸಿಕೊಂಡಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಎಂದಿನಂತೆ ಕೊಳೆರೋಗದ ಎರಡನೆಯ ಸಿಂಪಡಣೆಯ ಬಗ್ಗೆ ಬರೆಯುತ್ತೇನೆ.

ನಿಮ್ಮ,
ಕಾರ್ಯದರ್ಶಿ